ಹಿಡಿ ಅಕ್ಕಿಯೂ ಪಕ್ಕದ ಮನೆಯೂ: ಸುವಾರ್ತೆಯ ಕೆಲಸದಲ್ಲಿ ಸಾಮಾನ್ಯ ವಿಶ್ವಾಸಿಯ ಪಾಲು

(ವಿರಾಜಪೇಟೆಯಲ್ಲಿ ಬೇರೆ ಬೇರೆ ಸಭೆಗಳ ವಿಶ್ವಾಸಿಗಳು ಸೇರಿದ್ದ ಕೂಟದಲ್ಲಿ ಮಾಡಿದ ಉಪನ್ಯಾಸ. ಕೊನೆಯಲ್ಲಿ ಕೇಳಿಬಂದ ಪ್ರಶ್ನೆಗಳಲ್ಲಿ ಎರಡನ್ನು ಉತ್ತರದೊಂದಿಗೆ ಸೇರಿಸಿದ್ದೇನೆ.)

ಪ್ರಿಯ ಸಹೋದರ ಸಹೋದರಿಯರೇ,

ಮಡಿಕೇರಿ ಕೋಟೆಯೊಳಗಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿರುತ್ತೀರಿ. ಅದು ಮೊದಲು ಚರ್ಚ್ ಆಗಿತ್ತು, ಸಂತ ಮಾರ್ಕನ ಹೆಸರಿನ ಚರ್ಚ್. ಕೋಟೆಯಲ್ಲಿದ್ದ ವೀರಭದ್ರ ದೇವಸ್ಥಾನವನ್ನು ತೆಗೆಸಿ ಆ ಜಾಗದಲ್ಲಿ ಬ್ರಿಟಿಷರು 1855ರಲ್ಲಿ ಅದನ್ನು ಕಟ್ಟಿಸಿದರು. ಜಾಗ ಸರ್ಕಾರದ್ದು, ದುಡ್ಡು ಸರ್ಕಾರದ್ದು. ದೇಶ ಸ್ವತಂತ್ರವಾಗಿ ಅವರು ಹೊರಟುಹೋದ ಮೇಲೆ ಅಲ್ಲಿ ಆರಾಧನೆಯೂ ನಿಂತಿತು. ಈಗ ಹಳೆಯ ಶಿಲ್ಪಗಳನ್ನು, ಆಯುಧಗಳನ್ನು ನೋಡಲು ಪ್ರವಾಸಿಗರು ಅಲ್ಲಿಗೆ ಹೋಗುತ್ತಾರೆ.

ಅದೇ 1855ನೇ ಇಸವಿಯಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಇನ್ನೊಂದು ಕೆಲಸ ಶುರುವಾಯಿತು. ಕಾರ್ಲ್ ಸಾರಾಸಿನ್ ಎಂಬ ಗೃಹಸ್ಥರು ಮಿಷನ್ ಕೆಲಸಕ್ಕೆ ಬಡವರೂ ಕಾಣಿಕೆ ಕೊಡುವಂತೆ ಒಂದು ಏರ್ಪಾಡು ಮಾಡಿದರು. ವಾರಕ್ಕೆ ಅರ್ಧ ಬಾಟ್ಸೆನ್, ಅಂದರೆ ಐದು ಸಾಂತೀಮ್ ಕೊಟ್ಟರೆ ಸಾಕು. ಬಹಳ ಸಣ್ಣ ಕಾಸು ಅದು. ಸಭೆಯ ಒಬ್ಬರು ಸುಮಾರು ಹತ್ತು ಜನರ ಕಾಸನ್ನು ಮನೆಮನೆಗೆ ಹೋಗಿ ಒಟ್ಟುಮಾಡಬೇಕು. ಕೊಟ್ಟವರಿಗೆ ಮಿಷನ್ ಸುದ್ದಿಯ ಸಣ್ಣ ಪತ್ರಿಕೆ ಓದಲು ಸಿಗುತ್ತಿತ್ತು. ಮನೆಗೆಲಸದ ಹುಡುಗಿಯರು, ಗಿರಣಿಯಲ್ಲಿ ದುಡಿಯುವವರು, ಸಣ್ಣ ರೈತರು ಕೊಟ್ಟ ಈ ಕಾಸು ಮುಂದೆ ಬಾಸೆಲ್ ಮಿಷನ್ನಿನ ಆದಾಯದ ದೊಡ್ಡ ಪಾಲಾಯಿತು.

ಆ ಹೊತ್ತಿಗೆ ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ಕೊಡಗಿನಲ್ಲೇ ಇದ್ದರು. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಹೊರತಂದ ಮೋಗ್ಲಿಂಗ್ ಎಂದರೆ ಕನ್ನಡ ಓದುವವರಿಗೆಲ್ಲ ಪರಿಚಯ. ಅವರು ನಮ್ಮ ನಾಡಿಗೆ ಬಂದ ರೀತಿ ಮಾತ್ರ ನಮ್ಮವರಲ್ಲೇ ಅನೇಕರಿಗೆ ತಿಳಿಯದು. ಅಲಮಂಡ ಮನೆತನದ ಸೋಮಯ್ಯ ಎಂಬ ಕೊಡವರು ಕ್ರಿಸ್ತನನ್ನು ನಂಬಿದರು, ಸ್ತೆಫನಾಸ್ ಎಂಬ ಹೆಸರಿನಲ್ಲಿ ದೀಕ್ಷಾಸ್ನಾನ ಪಡೆದರು. ಅವರ ಜೊತೆಯಲ್ಲಿ 1853ರಲ್ಲಿ ಮೋಗ್ಲಿಂಗ್ ಕೊಡಗಿಗೆ ಬಂದರು, ಸೋಮಯ್ಯನವರ ಊರಿನಲ್ಲೇ ನೆಲೆ ಮಾಡಿಕೊಂಡರು. ಅಂದರೆ ಕೊಡಗಿನ ಬಾಸೆಲ್ ಮಿಷನ್ನಿನ ಬಾಗಿಲು ತೆರೆದದ್ದು ಈ ನೆಲದ ಒಬ್ಬ ಗೃಹಸ್ಥ. ಅವರು ಬೋಧಕರಲ್ಲ, ದೇವಶಾಸ್ತ್ರ ಕಲಿತವರೂ ಅಲ್ಲ. ತಾವು ಕಂಡದ್ದನ್ನು ತಮ್ಮವರ ನಡುವೆ ಬದುಕಿ ತೋರಿಸಲು ಹೊರಟ ಒಬ್ಬ ಸಾಮಾನ್ಯ ಮನುಷ್ಯ.

ಅದಾದ ಮೇಲೆ ಅಮ್ಮತ್ತಿ ಕಡೆಯ ಹೊಲೆಯರು ಮೋಗ್ಲಿಂಗರ ಬಳಿಗೆ ಬಂದರು. ತಲೆತಲಾಂತರದಿಂದ ಜಮ್ಮ ಎಂಬ ವಂಶಪಾರಂಪರ್ಯ ಭೂಮಿಯ ಆಳುಗಳಾಗಿ, ಸ್ವಂತದ್ದು ಎನ್ನಲು ಒಂದು ಅಂಗೈ ನೆಲವೂ ಇಲ್ಲದೆ ದುಡಿದ ಜನ ಅವರು. ಅವರಿಗಾಗಿ ಎದ್ದ ಊರೇ ಆನಂದಪುರ. ಆ ಊರು ಇಂದಿಗೂ ಇದೆ, ಅಲ್ಲಿ ಸಭೆಯೂ ಇದೆ. ಅಧಿಕಾರದಿಂದ ಎದ್ದ ಚರ್ಚು ವಸ್ತುಸಂಗ್ರಹಾಲಯವಾಯಿತು. ಅರ್ಧ ಬಾಟ್ಸೆನ್ ಕಾಸು ಮತ್ತು ಆಳುಗಳಾಗಿದ್ದವರ ನಂಬಿಕೆ ಸೇರಿ ನಿಂತದ್ದು ಇನ್ನೂ ನಿಂತಿದೆ. ಇತಿಹಾಸದ ಪಾಠಗಳಲ್ಲಿ ನನಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇರೆ ಕಂಡಿಲ್ಲ.

ಕಥೋಲಿಕ ಬಂಧುಗಳು ಇಲ್ಲಿ ಬಹಳ ಮಂದಿ ಇದ್ದೀರಿ. ನಿಮ್ಮ ಕಥೆಯೂ ಇದೇ. ಫ್ರಾನ್ಸಿನ ಲಿಯಾನ್ ನಗರದಲ್ಲಿ ಪೌಲೀನ್ ಜಾರಿಕೋ ಎಂಬ ಯುವತಿ ರೇಷ್ಮೆ ಕಾರ್ಖಾನೆಯ ಹೆಣ್ಣುಮಕ್ಕಳನ್ನು ಹತ್ತು ಹತ್ತು ಜನರ ಗುಂಪಾಗಿ ಸೇರಿಸಿದಳು. ವಾರಕ್ಕೆ ಒಂದು ಸೂ ನಾಣ್ಯ, ದಿನಕ್ಕೊಂದು ಪ್ರಾರ್ಥನೆ, ಇಷ್ಟೇ ನಿಯಮ. ಆಗ ಅವಳಿಗೆ ಇಪ್ಪತ್ತರ ಆಸುಪಾಸಿನ ವಯಸ್ಸು. ಅದೇ 1822ರಲ್ಲಿ ವಿಶ್ವಾಸ ಪ್ರಸಾರ ಸಂಘವಾಗಿ ಬೆಳೆದು ಲೋಕದ ಮೂಲೆಮೂಲೆಯ ಮಿಷನ್‌ಗಳಿಗೆ ಆಧಾರವಾಯಿತು. ಅವಳು ಮೊದಮೊದಲು ಕಾಸು ಕೂಡಿಸಿದ್ದು ಪ್ಯಾರಿಸ್ ವಿದೇಶಿ ಮಿಷನ್ ಸಂಘಕ್ಕಾಗಿ. ಮೈಸೂರು ಸೀಮೆಯಲ್ಲಿ ದುಡಿದ ಫ್ರೆಂಚ್ ಗುರುಗಳು ಅದೇ ಸಂಘದವರು, ಇಂದಿನ ಮೈಸೂರು ಧರ್ಮಪ್ರಾಂತ್ಯದೊಳಗೇ ನಮ್ಮ ಕೊಡಗೂ ಇದೆ. ಪೌಲೀನ್ ಸನ್ಯಾಸಿನಿಯಾಗಲಿಲ್ಲ, ಕಡೆಯವರೆಗೂ ಸಾಮಾನ್ಯ ವಿಶ್ವಾಸಿಯಾಗಿಯೇ ಉಳಿದಳು. 2022ರಲ್ಲಿ ಸಭೆ ಅವಳನ್ನು ಪುನೀತೆ ಎಂದು ಘೋಷಿಸಿತು.

ಇಂದು ನಾನು ನಿಮ್ಮ ಮುಂದೆ ಇಡಬೇಕೆಂದಿರುವುದು ಒಂದೇ ಮಾತು. ಸುವಾರ್ತೆಯ ಕೆಲಸ ನಮ್ಮ ನಾಡಿನಲ್ಲಿ ನಿಂತದ್ದು ಸಾಮಾನ್ಯರ ಕೈಯಿಂದ. ಈಗ ನಾವು ಅದನ್ನು ಅಯ್ಯನವರಿಗೂ ಫಾದರ್‌ಗೂ ಪಾಸ್ಟರಿಗೂ ಒಪ್ಪಿಸಿ ಕೈ ತೊಳೆದುಕೊಂಡಿದ್ದೇವೆ. ಅದನ್ನು ಮರಳಿ ನಮ್ಮ ಕೈಗೆ ತೆಗೆದುಕೊಳ್ಳಬೇಕು.

ನಾನು ದೇವಶಾಸ್ತ್ರ ಓದಿದವಳಲ್ಲ. ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ಕನ್ನಡವೂ ಸಮಾಜವೂ ಹೇಳಿಕೊಟ್ಟು ನಿವೃತ್ತಳಾದವಳು. ಆದ್ದರಿಂದ ವಾಕ್ಯವನ್ನು ಮನೆಯಲ್ಲಿ ಓದಿಕೊಳ್ಳುವ ಒಬ್ಬ ವಿಶ್ವಾಸಿಯಾಗಿಯೇ ಮಾತಾಡುತ್ತೇನೆ.

ಅಪೊಸ್ತಲರ ಕೃತ್ಯಗಳ ಎಂಟನೆಯ ಅಧ್ಯಾಯ ತೆಗೆಯಿರಿ. ಸ್ತೆಫನನನ್ನು ಕಲ್ಲೆಸೆದು ಕೊಂದ ದಿನ ಯೆರೂಸಲೇಮಿನ ಸಭೆಗೆ ದೊಡ್ಡ ಹಿಂಸೆ ಬಂತು, ಎಲ್ಲರೂ ಚದರಿಹೋದರು. ಆದರೆ ಅಲ್ಲಿ ಒಂದು ಮಾತು ಇದೆ: ಅಪೊಸ್ತಲರ ಹೊರತು ಎಲ್ಲರೂ. ಅಪೊಸ್ತಲರು ಊರಲ್ಲೇ ಉಳಿದರು. ಹಾಗೆ ಚದರಿದವರು ಹೋದಹೋದಲ್ಲಿ ವಾಕ್ಯವನ್ನು ಸಾರಿದರು ಎಂದು ಲೂಕ ಬರೆಯುತ್ತಾನೆ. ಯಾರು ಇವರು? ಹೆಸರಿಲ್ಲ. ಗಂಟುಮೂಟೆ ಕಟ್ಟಿಕೊಂಡು, ಮಕ್ಕಳ ಕೈ ಹಿಡಿದು ಓಡಿದ ಸಂಸಾರಸ್ಥರು. ಹನ್ನೊಂದನೆಯ ಅಧ್ಯಾಯದಲ್ಲಿ ಇದೇ ಚದರಿದವರಲ್ಲಿ ಕೆಲವರು, ಕುಪ್ರದವರೂ ಕುರೇನೆಯವರೂ, ಅಂತಿಯೋಕ್ಯಕ್ಕೆ ಬಂದು ಗ್ರೀಕರೊಂದಿಗೂ ಕರ್ತನ ವಿಷಯ ಮಾತಾಡಿದರು. ಕ್ರೈಸ್ತರೆಂಬ ಹೆಸರು ಮೊದಲು ಬಂದದ್ದು ಆ ಊರಲ್ಲಿ. ಪೌಲನನ್ನೂ ಬಾರ್ನಬನನ್ನೂ ದೂರದ ನಾಡುಗಳಿಗೆ ಕಳುಹಿಸಿದ್ದು ಆ ಸಭೆ. ಯೂದಾಯದಲ್ಲಿ ಬರ ಬರುತ್ತದೆಂದು ಕೇಳಿದಾಗ ಪ್ರತಿಯೊಬ್ಬರೂ ತಮ್ಮ ಶಕ್ತಿಗೆ ತಕ್ಕಷ್ಟು ಕಾಣಿಕೆ ಕಳುಹಿಸಿದ್ದೂ ಆ ಸಭೆಯೇ. ಲೋಕದ ಮೊದಲ ದೊಡ್ಡ ಮಿಷನ್ ಸಭೆಯನ್ನು ಕಟ್ಟಿದವರ ಹೆಸರು ನಮಗೆ ಗೊತ್ತಿಲ್ಲ ಎನ್ನುವುದು ನನಗೆ ಬಹಳ ಸಮಾಧಾನ ಕೊಡುವ ಸಂಗತಿ.

ಈ ವಾಕ್ಯವನ್ನು ಓದುವಾಗ ತೋಟದ ಕೂಲಿಕಾರರು ಇರುವ ನಮ್ಮ ಲೈನ್ ಮನೆಗಳು ನನ್ನ ಕಣ್ಣಮುಂದೆ ಬರುತ್ತವೆ. ಒಂದು ಕಾಲದಲ್ಲಿ ತಮಿಳುನಾಡಿನಿಂದ, ಕೇರಳದಿಂದ ಜನ ತೋಟದ ಕೆಲಸಕ್ಕೆ ಬಂದರು. ಈಗ ಸಿದ್ದಾಪುರ, ಪಾಲಿಬೆಟ್ಟ, ಪೊನ್ನಂಪೇಟೆ, ಬಾಳೆಲೆ, ಎಲ್ಲಿಗೆ ಹೋದರೂ ಅಸ್ಸಾಮಿನವರು, ಜಾರ್ಖಂಡಿನವರು, ಬಂಗಾಳದವರು ಕಾಣುತ್ತಾರೆ. ಅವರಲ್ಲಿ ಕ್ರೈಸ್ತ ಕುಟುಂಬಗಳೂ ಇವೆ. ಕಾಫಿ ಹಣ್ಣು ಕೊಯ್ದು, ಸಂಜೆ ತೂಕ ಬರೆಸಿ, ಸೋರುವ ಸೂರಿನ ಕೆಳಗೆ ಅನ್ನ ಬೇಯಿಸಿ, ತಮ್ಮ ಭಾಷೆಯಲ್ಲಿ ಹಾಡಿ ಪ್ರಾರ್ಥಿಸಿ ಮಲಗುತ್ತಾರೆ. ನಮ್ಮ ಎಷ್ಟು ಸಭೆಗಳು ಅವರನ್ನು ಭಾನುವಾರ ಕರೆದಿವೆ? ಅವರ ಮಗುವಿಗೆ ಜ್ವರ ಬಂದಾಗ ಆಸ್ಪತ್ರೆಯಲ್ಲಿ ಅವರ ಪರವಾಗಿ ಕನ್ನಡದಲ್ಲಿ ಎರಡು ಮಾತಾಡಲು ನಮ್ಮಲ್ಲಿ ಎಷ್ಟು ಜನ ಹೋಗಿದ್ದೇವೆ? ಮಿಷನ್ ಎಂದರೆ ಎಲ್ಲೋ ದೂರದ ಕಾಡು, ಗುಡ್ಡ ಎಂದುಕೊಂಡಿದ್ದೇವೆ. ಆ ದೂರದ ಊರಿನವರೇ ನಮ್ಮ ತೋಟದ ಗೇಟಿನೊಳಗೆ ಬಂದು ಇಳಿದಿದ್ದಾರೆ. ಚದರಿಬಂದ ಆ ವಿಶ್ವಾಸಿಗಳಿಂದ ನಾವು ಕಲಿಯುವುದೂ ಇದೆ. ಗುಡಿಯಿಲ್ಲದೆ, ಬೋಧಕರಿಲ್ಲದೆ, ಗೊತ್ತಿಲ್ಲದ ಭಾಷೆಯ ನಾಡಿನಲ್ಲಿ ನಂಬಿಕೆ ಉಳಿಸಿಕೊಳ್ಳುವುದು ಹೇಗೆಂದು ಅವರಿಗೆ ಗೊತ್ತು.

ತೋಟದಲ್ಲಿ ರೈಟರ್ ಆಗಿರುವವರು ಇಲ್ಲಿ ಇದ್ದೀರಿ. ಮೇಸ್ತ್ರಿಗಳೂ ಇದ್ದೀರಿ. ನಿಮಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ನಿಮ್ಮ ಸಾಕ್ಷಿ ತೂಕದ ಪುಸ್ತಕದಲ್ಲಿದೆ. ಕೊಯ್ದ ಹಣ್ಣಿನ ಕಿಲೋ ಸರಿಯಾಗಿ ಬರೆದರೆ, ಯರವ ಬುಡಕಟ್ಟಿನ ಹೆಂಗಸನ್ನು ಹೆಸರು ಹಿಡಿದು, ಅಕ್ಕ ಎಂದು ಕರೆದು ಮಾತಾಡಿಸಿದರೆ, ಬಟವಾಡೆ ದಿನ ಕೊಡಬೇಕಾದ್ದನ್ನು ಪೂರ್ತಿ ಕೊಡಿಸಿದರೆ, ನೀವು ಯಾರ ಹಿಂಬಾಲಕರು ಎಂದು ಒಂದು ದಿನ ಅವರೇ ಕೇಳುತ್ತಾರೆ. ಕೇಳದಿದ್ದರೂ ನೀವು ಮಾಡಿದ್ದು ಸರಿಯೇ. ತೂಕದಲ್ಲಿ ಮೋಸ ಮಾಡಿ, ಸಂಜೆ ಕುಟುಂಬ ಪ್ರಾರ್ಥನೆಗೆ ನೆರೆಯವರನ್ನು ಕರೆಯುವ ಮನೆ ಸುವಾರ್ತೆಗೆ ಅಡ್ಡಿಯೇ ಹೊರತು ಸಹಾಯವಲ್ಲ. ಕಟುವಾಗಿ ಹೇಳುತ್ತಿದ್ದೇನೆ ಎನಿಸಬಹುದು, ಆದರೆ ಈ ಮಾತನ್ನು ಮೃದು ಮಾಡಲು ನನಗೆ ಮನಸ್ಸಿಲ್ಲ. ಕೂಲಿಯನ್ನು ಹಿಡಿದಿಟ್ಟುಕೊಂಡರೆ ಆ ಕೂಲಿಯೇ ಕೂಗುತ್ತದೆ ಎಂದು ಯಾಕೋಬನ ಪತ್ರಿಕೆ ಹೇಳುತ್ತದೆ.

ಇನ್ನು ನಂಬಿಕೆಯನ್ನು ಬಾಯಿಬಿಟ್ಟು ಹೇಳುವ ಸಂಗತಿ. ನಡತೆಯೇ ಸಾಕು, ಮಾತು ಬೇಡ ಎನ್ನುವವರು ನಮ್ಮಲ್ಲಿ ಬಹಳ. ಇದು ವಿನಯದಂತೆ ಕಾಣುತ್ತದೆ. ನನಗೆ ಅದು ಪೂರ್ತಿ ಸರಿ ಎನಿಸುವುದಿಲ್ಲ. ಸತ್ಪುರುಷರು ಎಲ್ಲ ಧರ್ಮಗಳಲ್ಲೂ ಇದ್ದಾರೆ, ನನ್ನ ಕೊಡವ ನೆರೆಯವರಲ್ಲೂ ಗೌಡ ನೆರೆಯವರಲ್ಲೂ ಮುಸ್ಲಿಂ ನೆರೆಯವರಲ್ಲೂ ನನಗಿಂತ ಒಳ್ಳೆಯವರನ್ನು ಕಂಡಿದ್ದೇನೆ. ನಾನು ಒಳ್ಳೆಯವಳು ಎಂದು ತೋರಿಸುವುದಷ್ಟೇ ಆದರೆ ಅದು ನನ್ನ ಸುದ್ದಿಯಾಯಿತು. ಕ್ರಿಸ್ತನು ನನಗೆ ಏನು ಮಾಡಿದನು ಎಂದು ಹೇಳಲು ಬಾಯಿ ಬೇಕೇ ಬೇಕು. ಆದರೆ ಎಷ್ಟು ಹೇಳಬೇಕು? ಗೆರಸೇನರ ಸೀಮೆಯಲ್ಲಿ ದೆವ್ವದಿಂದ ಬಿಡುಗಡೆಯಾದವನು ಯೇಸುವಿನ ಸಂಗಡ ಬರುತ್ತೇನೆಂದು ಬೇಡಿಕೊಂಡ. ಯೇಸು ಒಪ್ಪಲಿಲ್ಲ. ನಿನ್ನ ಮನೆಗೆ, ನಿನ್ನವರ ಬಳಿಗೆ ಹೋಗು, ಕರ್ತನು ನಿನ್ನನ್ನು ಕರುಣಿಸಿ ಮಾಡಿದ್ದನ್ನು ಹೇಳು ಎಂದನು. ಅವನಿಗೆ ತರಬೇತಿ ಇರಲಿಲ್ಲ. ನತಾನಯೇಲನು ಸಂಶಯಪಟ್ಟಾಗ ಫಿಲಿಪ್ಪನು ಹೇಳಿದ್ದು ಬಂದು ನೋಡು ಎಂಬ ಎರಡೇ ಮಾತು. ಸಮಾರ್ಯದ ಹೆಂಗಸು ಕೊಡವನ್ನು ಬಾವಿಯ ಹತ್ತಿರವೇ ಬಿಟ್ಟು ಊರೊಳಗೆ ಓಡಿ, ಈತನು ಕ್ರಿಸ್ತನಾಗಿರಬಹುದೇ ಎಂದು ಕೇಳಿದಳು. ಅವಳೂ ಪ್ರಶ್ನೆಯನ್ನೇ ಹೊತ್ತು ಹೋದದ್ದು, ಉತ್ತರ ಇನ್ನೂ ಪೂರ್ತಿ ಸಿಕ್ಕಿರಲಿಲ್ಲ. ನಾಮಾನನ ಮನೆಯಲ್ಲಿ ಸೆರೆಯಾಳಾಗಿದ್ದ ಪುಟ್ಟ ಹುಡುಗಿ ತನ್ನ ಯಜಮಾನಿಗೆ ಹೇಳಿದ್ದು ಒಂದೇ ವಾಕ್ಯ. ತನ್ನನ್ನು ಊರಿಂದ ಹಿಡಿದು ತಂದ ಮನೆಯ ಯಜಮಾನನಿಗೆ ಕುಷ್ಠ ವಾಸಿಯಾಗಲಿ ಎಂದು ಬಯಸಿದ ಮಗು ಅದು. ಅಂಥ ಮನಸ್ಸಿದ್ದರೆ ಮಾತು ತಾನಾಗಿ ಬರುತ್ತದೆ.

ಹೇಗೆ ಹೇಳಬೇಕು ಎಂಬುದಕ್ಕೆ ಪೇತ್ರನ ಮಾತಿದೆ. ನಿಮ್ಮಲ್ಲಿರುವ ನಿರೀಕ್ಷೆಗೆ ಕಾರಣ ಕೇಳಿದವರಿಗೆ ಉತ್ತರ ಹೇಳಲು ಸಿದ್ಧರಾಗಿರಿ, ಆದರೆ ಸಾತ್ವಿಕತೆಯಿಂದ, ಗೌರವದಿಂದ. ಕೇಳಿದವರಿಗೆ ಎಂದದ್ದನ್ನು ಗಮನಿಸಿ. ಕೊಡಗಿನಲ್ಲಿ ಈ ಗೌರವ ನಮಗೆ ಋಣವೂ ಹೌದು. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಆಶ್ರಯ ಕೊಟ್ಟವರು ದೊಡ್ಡ ವೀರರಾಜೇಂದ್ರ ಅರಸರು. ಅವರು ಕಟ್ಟಿಸಿದ ಈ ವಿರಾಜಪೇಟೆಯಲ್ಲೇ ನೆಲ ಕೊಟ್ಟರು. ಸಂತ ಅನ್ನಮ್ಮನವರ ದೇವಾಲಯ 1792ರಿಂದ ಇಲ್ಲಿದೆ. ಲಿಂಗಾಯತ ಅರಸರೊಬ್ಬರ ಔದಾರ್ಯದಿಂದ ನಮ್ಮ ಆರಾಧನೆಗೆ ಈ ಮಣ್ಣಿನಲ್ಲಿ ಜಾಗ ಸಿಕ್ಕಿತು. ಆ ಅರಸರ ಜನರ ದೇವರನ್ನು, ಹಬ್ಬವನ್ನು, ಕೈಮಡವೆಂಬ ಪೂರ್ವಿಕರ ಗುಡಿಯ ಹಿರಿಯರ ನೆನಪನ್ನು ಹೀನಾಯವಾಗಿ ಮಾತಾಡುವ ಕ್ರೈಸ್ತನು ಉಪಕಾರ ಮರೆತವನು. ಅಂಥ ಬೋಧನೆ ಎಲ್ಲಿ ಕೇಳಿದರೂ ಎದ್ದು ಬನ್ನಿ.

ಕಾನೂನಿನ ಮಾತನ್ನು ಬೇಗ ಮುಗಿಸುತ್ತೇನೆ. ಸಂವಿಧಾನದ 25ನೆಯ ವಿಧಿ ಪ್ರತಿಯೊಬ್ಬರಿಗೂ ತಮ್ಮ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಅದಕ್ಕೆ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯದ ಮಿತಿಗಳಿವೆ. ಪ್ರಚಾರದ ಹಕ್ಕು ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು. ಬಲವಂತ, ಮೋಸ, ಆಮಿಷ ಕಾನೂನಿಗೆ ವಿರುದ್ಧ. ಅದಕ್ಕೂ ಮೊದಲು ಅದು ಪಾಪ, ಏಕೆಂದರೆ ಅಕ್ಕಿ ಮೂಟೆಗೆ ಕೊಂಡ ನಂಬಿಕೆ ನಂಬಿಕೆಯೇ ಅಲ್ಲ. ಸರ್ಕಾರಿ ಶಾಲೆಯ ತರಗತಿಯಲ್ಲಿ ನಾನು ಒಂದು ದಿನವೂ ನನ್ನ ನಂಬಿಕೆಯನ್ನು ಬೋಧಿಸಲಿಲ್ಲ. ಮಕ್ಕಳು ನನ್ನ ಎದುರು ಕೂತದ್ದು ಪಾಠಕ್ಕಾಗಿ, ಅವರಿಗೆ ಎದ್ದು ಹೋಗುವ ಸ್ವಾತಂತ್ರ್ಯವಿರಲಿಲ್ಲ. ಎದ್ದು ಹೋಗಲು ಆಗದವರ ಮುಂದೆ, ನಮ್ಮ ಕೈಕೆಳಗೆ ಕೂಲಿಗಿರುವವರ ಮುಂದೆ, ಹಾಸಿಗೆ ಹಿಡಿದ ರೋಗಿಯ ಮುಂದೆ, ಅವರೇ ಕೇಳದ ಹೊರತು ಬಾಯಿ ತೆರೆಯಬಾರದು ಎಂಬುದು ನನ್ನ ನಿಶ್ಚಿತ ಅಭಿಪ್ರಾಯ. ಪ್ರಾರ್ಥನೆ ಮಾಡಲೇ ಎಂದು ಕೇಳಬಹುದು. ಬೇಡ ಎಂದರೆ ಅಲ್ಲಿಗೇ ನಿಲ್ಲಿಸಬೇಕು, ಸೇವೆಯನ್ನು ಮಾತ್ರ ನಿಲ್ಲಿಸಬಾರದು.

2018ರ ಆಗಸ್ಟ್ ನೆನಪಿದೆಯಲ್ಲ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ ಕಡೆ ಗುಡ್ಡಗಳೇ ಜಾರಿ ಬಂದವು. ಮನೆ, ತೋಟ, ದನಕರು ಎಲ್ಲ ಕೆಸರಿನಡಿ ಹೋದವು. ಆ ದಿನಗಳಲ್ಲಿ ಪರಿಹಾರ ಕೇಂದ್ರಗಳಲ್ಲಿ ಅನ್ನ ಬಡಿಸಿದವರ ಜಾತಿಯನ್ನಾಗಲಿ ಧರ್ಮವನ್ನಾಗಲಿ ಯಾರೂ ಕೇಳಲಿಲ್ಲ. ಕೊಡಗು ತನ್ನ ಒಳ್ಳೆಯ ಮುಖವನ್ನು ಆಗ ತಾನೇ ಕಂಡಿತು. ಅಂಥ ಹೊತ್ತಿನಲ್ಲಿ ಬಟ್ಟೆಯ ಗಂಟಿನ ಜೊತೆ ಕರಪತ್ರ ಇಡುವುದು ನನಗೆ ಒಪ್ಪಿಗೆಯಾಗುವುದಿಲ್ಲ. ನೀರಲ್ಲಿ ಮುಳುಗುತ್ತಿರುವವನ ಕೈ ಹಿಡಿಯುವಾಗ ಕೈ ಹಿಡಿದರೆ ಸಾಕು. ತಿಂಗಳುಗಳು ಕಳೆದ ಮೇಲೆ, ಹೊಸ ಮನೆಯ ಜಗಲಿಯಲ್ಲಿ ಕೂತು, ನೀವೆಲ್ಲ ಯಾಕೆ ಅಷ್ಟು ಮಾಡಿದಿರಿ ಎಂದು ಅವರು ಕೇಳಿದರೆ, ಆಗ ಸಂಕೋಚವಿಲ್ಲದೆ ಕರ್ತನ ಹೆಸರು ಹೇಳಿ. ಮಾರ್ಚ್ ಏಪ್ರಿಲಿನ ಹೂಮಳೆಗೆ ಅರಳಿದ ಕಾಫಿ ಕೈಗೆ ಬರಲು ಡಿಸೆಂಬರು, ಜನವರಿ ಆಗಬೇಕು. ಅಷ್ಟು ಕಾಯಲು ನಮ್ಮ ನಾಡಿನವರಿಗೆ ಯಾರೂ ಕಲಿಸಬೇಕಿಲ್ಲ.

ಈಗ ಕಾಣಿಕೆಯ ವಿಚಾರಕ್ಕೆ ಬರುತ್ತೇನೆ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡಬೇಕು, ಯಾಕೆಂದರೆ ಸಭೆಗಳಲ್ಲಿ ಕಾಣಿಕೆ ಚೀಲ ಬರುತ್ತದೆ, ಹೋಗುತ್ತದೆ, ಅದು ಎಲ್ಲಿಗೆ ಹೋಯಿತೆಂದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯುವುದಿಲ್ಲ.

ಮಿಜೋರಾಂ ರಾಜ್ಯದ ಕ್ರೈಸ್ತ ಹೆಂಗಸರು ನೂರು ವರ್ಷಕ್ಕೂ ಹಿಂದೆ ಒಂದು ರೂಢಿ ಆರಂಭಿಸಿದರು. ಅವರ ಭಾಷೆಯಲ್ಲಿ ಅದಕ್ಕೆ ಬುಹ್‌ಫಾಯ್ ಥಾಮ್ ಎನ್ನುತ್ತಾರೆ, ನಮ್ಮ ಮಾತಿನಲ್ಲಿ ಹಿಡಿ ಅಕ್ಕಿ. ಪ್ರತಿ ಹೊತ್ತಿನ ಅನ್ನಕ್ಕೆ ಅಕ್ಕಿ ಅಳೆಯುವಾಗ ಅದರಲ್ಲಿ ಒಂದು ಹಿಡಿಯನ್ನು ಬೇರೆ ಡಬ್ಬಿಗೆ ಹಾಕುವುದು. ಸಭೆಯ ಹೆಂಗಸರು ಅದನ್ನು ಮನೆಗಳಿಂದ ಒಟ್ಟುಮಾಡಿ ಮಾರುವುದು, ಬಂದ ಹಣವನ್ನು ಸುವಾರ್ತೆಯ ಕೆಲಸಕ್ಕೆ ಕೊಡುವುದು. ಆಗ ಅವರು ಕಡುಬಡವರು. ಸಭೆಯೇ ಅವರಿಗೆ ಹೊಸದು. ಈಗ ಆ ಸಣ್ಣ ಗುಡ್ಡಗಾಡು ರಾಜ್ಯದ ಸಭೆಗಳು ದೇಶದ ಬೇರೆ ಬೇರೆ ಭಾಗಗಳಿಗೂ ಹೊರನಾಡಿಗೂ ಸೇವಕರನ್ನು ಕಳುಹಿಸುತ್ತವೆ. ಹಿಡಿ ಅಕ್ಕಿಯ ರೂಢಿ ಇನ್ನೂ ನಿಂತಿಲ್ಲ.

ಇದರಲ್ಲಿ ನನಗೆ ಹಿಡಿಸಿದ್ದು ದುಡ್ಡಿನ ಮೊತ್ತವಲ್ಲ. ದಿನಕ್ಕೆ ಎರಡು ಸಲ ಒಲೆಯ ಮುಂದೆ ನಿಂತ ತಾಯಿಗೆ ಸುವಾರ್ತೆಯ ನೆನಪಾಗುತ್ತದೆ. ಮಗು ಅದನ್ನು ನೋಡುತ್ತದೆ, ಯಾಕಮ್ಮ ಎಂದು ಕೇಳುತ್ತದೆ. ಆ ಮನೆಯಲ್ಲಿ ಸಂಡೇ ಸ್ಕೂಲಿನ ಪಾಠ ವಾರವಿಡೀ ನಡೆಯುತ್ತದೆ. ವರ್ಷಕ್ಕೊಮ್ಮೆ ಸಿರಿವಂತರೊಬ್ಬರು ದೊಡ್ಡ ಚೆಕ್ ಬರೆದುಕೊಟ್ಟರೆ ಸಭೆಯ ಲೆಕ್ಕಪುಸ್ತಕ ತುಂಬೀತು, ಆ ಮಗುವಿನ ಪ್ರಶ್ನೆ ಹುಟ್ಟುವುದಿಲ್ಲ.

ನಮ್ಮ ದಕ್ಷಿಣದಲ್ಲೂ ಇದಕ್ಕೆ ಪರಂಪರೆಯಿದೆ. ತಿರುನೆಲ್ವೇಲಿಯಲ್ಲಿ 1903ರಲ್ಲಿ ಭಾರತೀಯರೇ ಒಂದು ಮಿಷನರಿ ಸಂಘ ಕಟ್ಟಿದರು. 1905ರಲ್ಲಿ ಬಂಗಾಳದ ಸೇರಾಂಪುರದಲ್ಲಿ ರಾಷ್ಟ್ರೀಯ ಮಿಷನರಿ ಸಂಘ ಹುಟ್ಟಿತು. ಎರಡರ ಹಿಂದೆಯೂ ಇದ್ದವರು ವೇದನಾಯಗಂ ಸ್ಯಾಮುಯೆಲ್ ಅಜರಾಯ. ದುಡಿಯುವವರೂ ನಮ್ಮವರು, ಹಣವೂ ನಮ್ಮದು, ಹೊಣೆಯೂ ನಮ್ಮದು ಎಂಬುದು ಅವರ ಹಟ. 1912ರಲ್ಲಿ ಅವರು ದೋರ್ನಕಲ್ಲಿನ ಬಿಷಪ್ ಆದರು, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್. ಅವರು ದೀಕ್ಷಾಸ್ನಾನ ಪಡೆದವರಿಂದ, ತಲೆಯ ಮೇಲೆ ಕೈಯಿಡಿಸಿ, ಸುವಾರ್ತೆ ಸಾರದಿದ್ದರೆ ನನ್ನ ಗತಿಯನ್ನು ಏನು ಹೇಳಲಿ ಎಂಬ ಪೌಲನ ಮಾತನ್ನು ಹೇಳಿಸುತ್ತಿದ್ದರು. ಹೇಳುತ್ತಿದ್ದವರು ಯಾರು? ತೆಲುಗು ನಾಡಿನ ಕೂಲಿಕಾರರು, ಅಕ್ಷರ ಬಾರದವರು, ಹೊಲೆಗೇರಿಯಿಂದ ಬಂದವರು. ಅವರ ಮಾತು ಕೇಳಿಯೇ ಪಕ್ಕದ ಹಳ್ಳಿಗಳು ಬಂದವು. 1965ರಲ್ಲಿ ಆರಂಭವಾಗಿ ಬೆಂಗಳೂರನ್ನು ಕೇಂದ್ರ ಮಾಡಿಕೊಂಡ ಇಂಡಿಯನ್ ಇವಾಂಜೆಲಿಕಲ್ ಮಿಷನ್ ಕೂಡ ಇದೇ ದಾರಿಯಲ್ಲಿ ಭಾರತೀಯ ವಿಶ್ವಾಸಿಗಳ ಕಾಣಿಕೆಯನ್ನೇ ನೆಚ್ಚಿ ನಡೆದಿದೆ.

ಹಾಗಾದರೆ ಕೊಡಗಿನ ನಾವು ಏನು ಮಾಡಬಹುದು? ಬೆಳೆ ಹಬ್ಬಕ್ಕೆ ನಾವು ಕಾಫಿ, ಕರಿಮೆಣಸು, ಬಾಳೆಗೊನೆ, ಕೋಳಿ ತರುತ್ತೇವೆ, ಏಲಂ ಆಗುತ್ತದೆ, ಸಂತೋಷದಿಂದ ಕೂಗಿ ಕೊಳ್ಳುತ್ತೇವೆ. ಆ ಏಲಂ ಹಣದಲ್ಲಿ ಒಂದು ಪಾಲು ನಮ್ಮ ಸಭೆಯ ಗೋಡೆಯ ಹೊರಗೆ ಹೋಗಲೇಬೇಕು ಎಂದು ಸಭೆಯೇ ಗೊತ್ತುವಳಿ ಮಾಡಿಕೊಳ್ಳಲಿ. ಬಣ್ಣ, ಮೈಕು, ಹೊಸ ಬೆಂಚು ಎಲ್ಲಕ್ಕೂ ಮೊದಲು ಆ ಪಾಲು ತೆಗೆದಿಡಲಿ. ಮನೆಯಲ್ಲಿ ಹಿಡಿ ಅಕ್ಕಿಯೋ, ಹಿಡಿ ಕಾಫಿಯೋ, ಏನು ಸಾಧ್ಯವೋ ಅದು. ಪಡಿತರದ ಅಕ್ಕಿ ತಿನ್ನುವ ಮನೆಯೂ ಕೊಡಬಲ್ಲದು. ಆ ಮನೆಯನ್ನು ಬಡವರೆಂದು ಬಿಟ್ಟುಬಿಡುವುದು ಅವರಿಗೆ ಮಾಡುವ ಅವಮಾನ. ಮೆಸಿಡೋನಿಯದ ಸಭೆಗಳು ಕಡು ಬಡತನದಲ್ಲೇ ಉದಾರವಾಗಿ ಕೊಟ್ಟವು ಎಂದು ಪೌಲನು ಕೊರಿಂಥದವರಿಗೆ ಬರೆದದ್ದನ್ನು ಓದಿದ್ದೀರಲ್ಲ. ಯೇಸುವಿನ ಸಂಗಡ ಊರೂರು ತಿರುಗಿದ ಹೆಂಗಸರು ತಮ್ಮ ಆಸ್ತಿಯಿಂದ ಆತನಿಗೂ ಶಿಷ್ಯರಿಗೂ ಉಪಚಾರ ಮಾಡಿದರೆಂದು ಲೂಕನ ಎಂಟನೆಯ ಅಧ್ಯಾಯ ಹೇಳುತ್ತದೆ. ಕರ್ತನೇ ಹೆಂಗಸರ ಕೈಯ ಕಾಸಿನಿಂದ ಉಂಡನು.

ಯಾರಿಗೆ ಕೊಡಬೇಕು? ಹೆಸರು ತಿಳಿದವರಿಗೆ ಕೊಡಿ. ಮಿಷನ್ ಎಂಬ ಮೋಡಕ್ಕೆ ದುಡ್ಡು ಹಾಕಬೇಡಿ. ನಿಮ್ಮ ಸಭೆ ಒಬ್ಬ ಸುವಾರ್ತಿಕನ ಕುಟುಂಬವನ್ನು ತನ್ನದೆಂದು ಎತ್ತಿಕೊಳ್ಳಲಿ. ಅವರ ಮಕ್ಕಳ ಹೆಸರೇನು, ಯಾವ ತರಗತಿ, ಹೆಂಡತಿಗೆ ಮೈ ಹುಷಾರಿದೆಯೇ, ಅವರ ಊರಿನಲ್ಲಿ ನೀರಿದೆಯೇ, ಇವೆಲ್ಲ ತಿಳಿದಿರಲಿ. ತಿಂಗಳಿಗೊಮ್ಮೆ ಫೋನ್ ಮಾಡಿ. ಫಿಲಿಪ್ಪಿಯ ಸಭೆ ಪೌಲನಿಗೆ ಹಣ ಕಳುಹಿಸಿ ಸುಮ್ಮನಾಗಲಿಲ್ಲ, ಎಪಫ್ರೊದೀತನೆಂಬ ಮನುಷ್ಯನನ್ನೇ ಜೊತೆಯಲ್ಲಿ ಕಳುಹಿಸಿತು. ಅವನು ಕಾಯಿಲೆ ಬಿದ್ದು ಸಾಯುವಂತಾದಾಗ ಎರಡೂ ಕಡೆಯವರು ಮರುಗಿದರು. ಬೆಂಬಲವೆಂದರೆ ಹೀಗೆ ಇರಬೇಕು. ಮತ್ತೊಂದು ಸಂಗತಿ, ನಮ್ಮ ಸಭೆಗಳಲ್ಲಿ ಜೀವಮಾನವಿಡೀ ಉಪದೇಶಿಗಳಾಗಿ ದುಡಿದು ಮುದುಕರಾದವರಿದ್ದಾರೆ. ಪಿಂಚಣಿ ಇಲ್ಲ, ಔಷಧಿಗೆ ಕಾಸಿಲ್ಲ, ಕೇಳಲು ಸಂಕೋಚ. ದೂರದ ಮಿಷನ್ನಿಗೆ ಕೊಡುವ ಮೊದಲು ಅವರ ಮನೆಯ ಬಾಗಿಲು ತಟ್ಟಿ ಎನ್ನುವುದು ನನ್ನ ಕಳಕಳಿಯ ಬೇಡಿಕೆ.

ಇಷ್ಟು ಹೇಳಿ ಪ್ರಶ್ನೆಗಳಿಗೆ ಬಿಡುತ್ತೇನೆ.

ಸಿದ್ದಾಪುರ ಕಡೆಯಿಂದ ಬಂದಿದ್ದ ಯುವಕರೊಬ್ಬರು ಕೇಳಿದರು: “ಟೀಚರ್, ಈಗಿನ ಪರಿಸ್ಥಿತಿಯಲ್ಲಿ ಏನು ಮಾತಾಡಿದರೂ ಮತಾಂತರ ಎನ್ನುತ್ತಾರೆ. ಗೆಳೆಯರ ಮುಂದೆ ಪ್ರಾರ್ಥನೆ ಎಂಬ ಮಾತೆತ್ತಲೂ ಹೆದರಿಕೆ. ಸುಮ್ಮನಿರುವುದೇ ಮೇಲಲ್ಲವೇ?”

ನಿಮ್ಮ ಹೆದರಿಕೆ ನಿಜವಾದದ್ದು ಮಗ, ಅದನ್ನು ನಂಬಿಕೆಯ ಕೊರತೆ ಎಂದು ಯಾರೂ ಹೀಯಾಳಿಸಬಾರದು. ಆದರೆ ಗೆಳೆತನದೊಳಗೆ ಮಾತಿಗೆ ಜಾಗ ಇದ್ದೇ ಇದೆ. ಆನೆ ದಾಳಿಯಲ್ಲಿ ಒಬ್ಬ ಕೂಲಿಯವನು ಸತ್ತ ಮನೆಗೆ ನೀವು ಗೆಳೆಯರೆಲ್ಲ ಹೋಗುತ್ತೀರಿ. ರಾತ್ರಿ ಕೂರುತ್ತೀರಿ. ಆಗ ಸಾವಿನ ಮಾತು ಬರುತ್ತದೆ, ಸತ್ತ ಮೇಲೆ ಏನು ಎಂದು ಯಾರಾದರೂ ಕೇಳುತ್ತಾರೆ. ಪ್ರತಿಯೊಬ್ಬನೂ ತನ್ನ ಹಿರಿಯರಿಂದ ಕೇಳಿದ್ದನ್ನು ಹೇಳುತ್ತಾನೆ. ನೀವು ಮಾತ್ರ ಯಾಕೆ ಸುಮ್ಮನಿರಬೇಕು? ಪುನರುತ್ಥಾನದ ನಿರೀಕ್ಷೆ ನಿಮಗಿದ್ದರೆ ಅದನ್ನು ನಾಲ್ಕು ಮಾತಿನಲ್ಲಿ ಹೇಳಿ, ಅವರದ್ದನ್ನೂ ಗಮನ ಕೊಟ್ಟು ಕೇಳಿ. ಅವರು ಹೇಳುವಾಗ ಕಿವಿಗೊಡದವರಿಗೆ ತಾವು ಹೇಳುವ ಹಕ್ಕು ಹುಟ್ಟುವುದಿಲ್ಲ. ಗೊತ್ತಿಲ್ಲದ ಮನೆಗಳಿಗೆ ಗುಂಪು ಕಟ್ಟಿಕೊಂಡು ಹೋಗಬೇಡಿ. ಗುಟ್ಟಾಗಿ ಏನೂ ಮಾಡಬೇಡಿ. ಗೆಳೆಯನೊಬ್ಬ ಸಭೆಗೆ ಬರುತ್ತೇನೆಂದರೆ, ಮನೆಯವರಿಗೆ ಹೇಳಿ ಬಾ ಎನ್ನಿ.

ಎರಡನೆಯ ಪ್ರಶ್ನೆ ಒಬ್ಬ ಅಕ್ಕನಿಂದ ಬಂತು. ಅವರು ಸಭೆಯ ಸ್ತ್ರೀ ಸಂಘದವರು: “ಹಿಡಿ ಅಕ್ಕಿ ಎತ್ತಲು ನಾವು ಸಿದ್ಧ. ಆದರೆ ಹಿಂದೆ ಒಮ್ಮೆ ಹೀಗೆ ಎತ್ತಿದ ದುಡ್ಡಿಗೆ ಲೆಕ್ಕವೇ ಸಿಗಲಿಲ್ಲ ಎಂದು ಹೆಂಗಸರು ಬೇಸರದಲ್ಲಿದ್ದಾರೆ. ಅವರನ್ನು ಹೇಗೆ ಒಪ್ಪಿಸಲಿ?”

ಅವರ ಬೇಸರ ನ್ಯಾಯವಾದದ್ದು. ಪೌಲನು ಕಾಣಿಕೆ ಒಯ್ಯುವಾಗ ಸಭೆಗಳೇ ಆರಿಸಿದ ಸಹೋದರರನ್ನು ಜೊತೆಗೆ ಕರೆದುಕೊಂಡನು, ಈ ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತಪ್ಪು ಹೊರಿಸದಂತೆ ಎಚ್ಚರವಹಿಸುತ್ತೇವೆ ಎಂದು ಬರೆದನು. ಅಪೊಸ್ತಲನೇ ಲೆಕ್ಕಕ್ಕೆ ಸಾಕ್ಷಿಗಳನ್ನು ಇಟ್ಟುಕೊಂಡ ಮೇಲೆ ನಮ್ಮ ಸಮಿತಿಗಳಿಗೆ ವಿನಾಯಿತಿ ಇಲ್ಲ. ಅಕ್ಕಿ ಅಳೆಯುವಾಗ ಮೂವರು ಇರಲಿ, ಮೂರೂ ಮನೆತನ ಬೇರೆ ಇರಲಿ. ಎಷ್ಟು ಕಿಲೋ ಬಂತು, ಯಾವ ಬೆಲೆಗೆ ಹೋಯಿತು, ಹಣ ಯಾರ ಖಾತೆಗೆ ಹೋಯಿತು ಎಂದು ತಿಂಗಳ ಮೊದಲ ಭಾನುವಾರ ಆರಾಧನೆ ಮುಗಿದೊಡನೆ ಗಟ್ಟಿಯಾಗಿ ಓದಿ. ಪಡೆದವರ ಪತ್ರವನ್ನೂ ಓದಿ. ಓದುವ ಕೆಲಸವನ್ನು ಪ್ರತಿ ತಿಂಗಳು ಬೇರೆ ಬೇರೆ ಮನೆಯ ಹೆಣ್ಣುಮಕ್ಕಳಿಗೆ ಕೊಡಿ, ಲೈನ್ ಮನೆಯಿಂದ ಬರುವವರಿಗೂ ಸರದಿ ಇರಲಿ. ಬೇಸರಗೊಂಡ ಆ ಹೆಂಗಸರನ್ನೇ ಮೊದಲ ವರ್ಷದ ಲೆಕ್ಕಕ್ಕೆ ಹೊಣೆ ಮಾಡಿ. ಮೊದಲ ತಿಂಗಳ ಹಣ ನಿಮ್ಮ ಸಭೆಯ ವಯಸ್ಸಾದ ಉಪದೇಶಿಯ ಔಷಧಿಗೆ ಹೋಗಲಿ, ಅವರ ಮನೆಗೆ ಅದನ್ನು ನೀವೇ ತೆಗೆದುಕೊಂಡು ಹೋಗಿ.